ಕೂಲಿ ವಜ್ರ

ಚೆನ್ನೈ ನೋಡಲು ಹೋದವರು ಮಾಧವರಂ ನೋಡುವುದಿಲ್ಲ. ನೋಡಿ ಎಂದು ಯಾರೂ ಹೇಳುವುದೂ ಇಲ್ಲ. ಮರೀನಾ, ಮೈಲಾಪುರ, ಬಿಡುವಿದ್ದರೆ ಮಹಾಬಲಿಪುರ: ಪ್ರವಾಸಿಯ ಮುಖ ಯಾವಾಗಲೂ ದಕ್ಷಿಣಕ್ಕೆ. ಮಾಧವರಂ ಇರುವುದು ಉತ್ತರದ ಅಂಚಿನಲ್ಲಿ, ಊರಿಗೆ ಹಾಲು, ಲಾರಿ, ಆಂಧ್ರದ ಬಸ್ಸು ಬಂದು ಸೇರುವ ಕಡೆ. ಅಲ್ಲಿ ಹಾಲಿನ ಕಾಲೊನಿ ಇದೆ, ಪಶುವೈದ್ಯ ವಿಶ್ವವಿದ್ಯಾಲಯ ಇದೆ, ತಿರುಪತಿ ನೆಲ್ಲೂರಿನ ಬಸ್ಸುಗಳಿಗೆಂದು 2018ರಲ್ಲಿ ತೆರೆದ ದೊಡ್ಡ ನಿಲ್ದಾಣ ಇದೆ. ಮೆಟ್ರೊ ಎರಡನೇ ಹಂತದ ಮೊದಲ ಸುರಂಗ ಯಂತ್ರ ‘ನೀಲಗಿರಿ’ 2022ರ ಅಕ್ಟೋಬರ್‌ನಲ್ಲಿ ಕೊರೆಯಲು ಶುರುಮಾಡಿದ್ದೂ ಇಲ್ಲಿಂದಲೇ. ಇಷ್ಟಿದ್ದರೂ ನೋಡುವಂಥದ್ದು ಏನೂ ಇಲ್ಲ ಎಂದು ಅಲ್ಲಿಯವರೇ ಹೇಳುತ್ತಾರೆ.

ನನಗೆ ಅಲ್ಲಿ ಕೆಲಸ ಬಿದ್ದದ್ದು ಅಕ್ಕನ ಮನೆಯಿಂದಾಗಿ. ಅಕ್ಕ, ಭಾವ ಕಟ್ಟಿಸುತ್ತಿರುವ ಮನೆಯ ಅಡುಗೆ ಕಟ್ಟೆಗೆ ಕಲ್ಲು ಆರಿಸಬೇಕಿತ್ತು. ಭಾವನಿಗೆ ಚಾಮರಾಜನಗರದ ಕರಿಕಲ್ಲು ಬೇಕು. ಅಕ್ಕನಿಗೆ ಈಗ ಎಲ್ಲರ ಮನೆಯಲ್ಲೂ ಬರುತ್ತಿರುವ ಬಿಳಿ ಕ್ವಾರ್ಟ್ಸ್. ಪಂಚಾಯ್ತಿಗೆ ನಾನು.

ಬೆಂಗಳೂರಿನಿಂದ ಬೆಳಗಿನ ರೈಲು ಹಿಡಿದೆ. ಹೂಡಿ ದಾಟುವಾಗ ಗ್ರಾಫೈಟ್ ಇಂಡಿಯಾ ಸಿಗ್ನಲ್ ನೆನಪಾಯಿತು. ಅಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದ ಬೆಂಗಳೂರಿಗರು ಕಡಿಮೆ. ಉಕ್ಕಿನ ಕುಲುಮೆಗಳಿಗೆ ಬೇಕಾದ ಗ್ರಾಫೈಟ್ ಎಲೆಕ್ಟ್ರೋಡ್ ಮಾಡುತ್ತಿದ್ದ ಕಾರ್ಖಾನೆ 2019ರಲ್ಲಿ ಮುಚ್ಚಿತು, ಹೆಸರು ಮಾತ್ರ ಸಿಗ್ನಲ್ಲಿಗೆ ಅಂಟಿಕೊಂಡಿದೆ. ಮುಂದೆ ಬಂಗಾರಪೇಟೆ. ಕೆಜಿಎಫ್‌ಗೆ ಹೋಗುವ ಹಳಿ ಕವಲೊಡೆಯುವುದು ಇಲ್ಲಿ. ಕನ್ನಡ ನಾಡಿನಲ್ಲಿ ಮನುಷ್ಯ ತೋಡಿದ ಅತಿ ಆಳದ ಜಾಗ ಕೋಲಾರದ ಚಾಂಪಿಯನ್ ರೀಫ್ ಗಣಿ. 2001ರ ಫೆಬ್ರವರಿ 28ರಂದು ಮುಚ್ಚುವ ಹೊತ್ತಿಗೆ ಅದು ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಆ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿಗೂ ಹೆಚ್ಚು. ಮೇಲಿನ ಬಂಡೆಗಳ ಭಾರ ಲೆಕ್ಕ ಹಾಕಿದರೆ ಸುಮಾರು 850 ವಾಯುಭಾರದಷ್ಟು ಒತ್ತಡ. ಅಷ್ಟಕ್ಕೇ ಅಲ್ಲಿ ಬಂಡೆ ತಾನಾಗಿ ಸಿಡಿದು ಎಷ್ಟೋ ಗಣಿ ಕಾರ್ಮಿಕರ ಪ್ರಾಣ ಹೋಗಿದೆ.

ಭೂಮಿಯೊಳಗೆ ವಜ್ರ ಹುಟ್ಟಲು ಬೇಕಾದ ಒತ್ತಡ ಇದರ 60 ಪಟ್ಟು. ಆಳದ ಲೆಕ್ಕದಲ್ಲಿ 150ರಿಂದ 200 ಕಿಲೋಮೀಟರ್. ಕೆಜಿಎಫ್‌ನ ಕೆಳಗೆ ಅಂಥ 50 ಕೆಜಿಎಫ್ ತೋಡಿದರೂ ಅದರ ಹೊಸ್ತಿಲಿಗೆ ಬಂದಂತಾಗುತ್ತದೆ, ಅಷ್ಟೆ.

ಪೆರಂಬೂರಿನಲ್ಲಿ ಇಳಿದೆ. ಅಲ್ಲಿಂದ ಆಟೋದಲ್ಲಿ ಮೂಲಕ್ಕಡೈ ದಾಟಿ ಮಾಧವರಂ ರೌಂಡಾನಾ. ಮಧ್ಯಾಹ್ನ ಊಟವಾದ ಮೇಲೆ ಮೂವರೂ 200 ಅಡಿ ರಸ್ತೆಗೆ ಹೊರಟೆವು. ರೆಟ್ಟೇರಿ ಕಡೆಗೆ ಹೋಗುತ್ತ ಹೋಗುತ್ತ ಟೈಲ್ಸ್, ಮಾರ್ಬಲ್, ಗ್ರಾನೈಟ್ ಅಂಗಡಿಗಳು. ಮುಂದೆ ಗಾಜಿನ ಶೋರೂಮು, ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಓರೆಯಾಗಿ ನಿಲ್ಲಿಸಿದ ಸ್ಲ್ಯಾಬುಗಳು, ಸ್ಲ್ಯಾಬಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚದರಡಿ. ಇಳಕಲ್ಲಿನ ಕೆಂಪು ಕಲ್ಲು ಅಲ್ಲಿತ್ತು, ಕೃಷ್ಣಗಿರಿಯ ಬಣ್ಣದ ಕಲ್ಲಿತ್ತು, ಭಾವನ ಕರಿಕಲ್ಲೂ ಇತ್ತು. ಅಕ್ಕ, ಭಾವ ಅಂಗಡಿಯವರ ಜೊತೆ ತಮಿಳಿನಲ್ಲಿ ಚೌಕಾಸಿಗೆ ಇಳಿದರು. ನಾನು ಹಿಂದೆ, ಕಟಿಂಗ್ ಮಷಿನ್ ಕೂಗುತ್ತಿದ್ದ ಕಡೆಗೆ ಹೋದೆ.

ಊಟದ ಎಲೆಯಷ್ಟು ಅಗಲದ ಉಕ್ಕಿನ ಚಕ್ರ, ಮೇಲಿಂದ ಅದಕ್ಕೆ ನೀರಿನ ಧಾರೆ. ಚಕ್ರ ಕಲ್ಲಿನೊಳಗೆ ಇಳಿಯುತ್ತಿದ್ದರೆ ಪಕ್ಕದಿಂದ ಬೂದು ಬಣ್ಣದ ಕೆಸರು ಜಾರುತ್ತಿತ್ತು. ಮಷಿನ್ ನಡೆಸುತ್ತಿದ್ದವರು ಅದನ್ನು ನಿಲ್ಲಿಸಿ, ಮೊಣಕಾಲಿನವರೆಗೆ ಹತ್ತಿದ್ದ ಕೆಸರು ಒರೆಸಿಕೊಳ್ಳುತ್ತ ನನ್ನನ್ನು ನೋಡಿದರು. ನಾನು ಫೋನಿನಲ್ಲಿ ಮನೆಯವರೊಂದಿಗೆ ಮಾತಾಡಿದ್ದು ಕಿವಿಗೆ ಬಿದ್ದಿತ್ತೇನೋ, ನೇರ ಕನ್ನಡದಲ್ಲೇ ಕೇಳಿದರು: “ಬೆಂಗಳೂರಾ ಸಾ?”

“ಹೌದು. ನೀವು?”

“ತಾಳವಾಡಿ ಸಾ. ಚಾಮರಾಜನಗರದ ಪಕ್ಕ ಅಲ್ವಾ, ಅದೇ.”

ತಾಳವಾಡಿ ಈರೋಡು ಜಿಲ್ಲೆಗೆ ಸೇರಿದ್ದು. ಆಡಳಿತ ತಮಿಳುನಾಡಿನದು, ಮನೆಮಾತು ಬಹುಪಾಲು ಕನ್ನಡ. ಅವರ ಊರಿನಿಂದ ಕೂಗಳತೆಯ ದೂರದಲ್ಲಿ ಕರಿಕಲ್ಲಿನ ಕ್ವಾರಿಗಳಿವೆ. ಕಲ್ಲು ಹೋದ ದಾರಿಯಲ್ಲೇ ಮನುಷ್ಯರೂ ಹೋಗಿದ್ದಾರೆ. ಚಕ್ರದ ಅಂಚನ್ನು ತೋರಿಸಿ ಕೇಳಿದೆ, ಅಂಥ ಕಲ್ಲನ್ನು ಇದು ಹೇಗೆ ಕೊಯ್ಯುತ್ತದೆ ಎಂದು. ಅಂಚಿನಲ್ಲಿ ಒತ್ತೊತ್ತಾಗಿ ಬೆಸೆದಿದ್ದ, ಬೆರಳುದ್ದದ ಲೋಹದ ತುಂಡೊಂದನ್ನು ಅವರು ಉಗುರಿನಿಂದ ಕುಟ್ಟಿದರು.

“ಈ ಸೆಗ್ಮೆಂಟ್ ಒಳಗ ವಜ್ರ ಅದ ಕನ ಸಾ. ಉಂಗುರದ್ದಲ್ಲ. ಕೂಲಿ ವಜ್ರ.”

ಮೊಬೈಲ್ ಕ್ಯಾಮೆರಾವನ್ನು ತುಂಬ ಹತ್ತಿರ ಹಿಡಿದು ಚಿತ್ರವನ್ನು ಹಿಗ್ಗಿಸಿದೆ. ಬೂದು ಲೋಹದಲ್ಲಿ ಅಲ್ಲಲ್ಲಿ ಹಳದಿ ಹಸಿರಿನ ಹರಳುಗಳು, ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಕೆಲವು ಮೂಲೆ ಮುರಿದವು, ಕೆಲವು ಈಗ ತಾನೆ ಹೊರಗೆ ಮುಖ ತೋರಿಸುತ್ತಿದ್ದವು. ಒಂದೊಂದು ಹರಳಿನ ಹಿಂದೆಯೂ ಲೋಹ ಬಾಲದಂತೆ ಉಳಿದಿತ್ತು: ಹರಳು ಮುಂದೆ ನಿಂತು ಕಲ್ಲಿನ ಪುಡಿಯನ್ನು ತಡೆಯುವುದರಿಂದ ಅದರ ಬೆನ್ನಿನ ಲೋಹ ಸವೆಯುವುದಿಲ್ಲ. ಬಾಲ ಯಾವ ಕಡೆಗಿದೆ ನೋಡಿದರೆ ಚಕ್ರ ಯಾವ ಕಡೆಗೆ ತಿರುಗುತ್ತಿತ್ತು ಎಂದು ಹೇಳಬಹುದು.

ಈ ಹರಳುಗಳು ಯಾವ ಗಣಿಯಿಂದಲೂ ಬಂದವಲ್ಲ. ಇವು ಗ್ರಾಫೈಟ್‌ನಿಂದ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಕರಿಪುಡಿಯಿಂದ, ಕಾರ್ಖಾನೆಯಲ್ಲಿ ಮಾಡಿದ ವಜ್ರ. ಇಂದು ಜಗತ್ತಿನ ಕೈಗಾರಿಕೆ ಬಳಸುವ ವಜ್ರದಲ್ಲಿ ಶೇ 99ರಷ್ಟು ಹೀಗೆ ಮಾಡಿದ್ದೇ, ಅದರಲ್ಲೂ ಬಹುಪಾಲು ಚೀನಾದ್ದು. ಹೆನಾನ್ ಪ್ರಾಂತ್ಯವೇ ಅದರ ತವರು. ವಜ್ರ ಅಂದರೆ ನಮ್ಮ ಕಣ್ಣು ಒಡವೆ ಅಂಗಡಿಯ ಕಡೆ ಹೊರಳುತ್ತದೆ. ದುಡಿಯುವ ವಜ್ರ ಇರುವುದು ಬಾಗಿಲ ಹೊಸ್ತಿಲಲ್ಲಿ, ಮೆಟ್ಟಿಲಲ್ಲಿ, ಅಡುಗೆ ಕಟ್ಟೆಯಲ್ಲಿ, ಅಂದರೆ ಅವುಗಳನ್ನು ಕೊಯ್ದ ಅಲಗಿನಲ್ಲಿ. ಕ್ವಾರಿಯಲ್ಲಿ ಬಂಡೆಯನ್ನು ಬೆಟ್ಟದಿಂದ ಬಿಡಿಸುವ ವೈರ್ ಸಾ ಎಂಬ ಉಕ್ಕಿನ ಹಗ್ಗಕ್ಕೂ ಇದೇ ವಜ್ರದ ಮಣಿ. ಕೊನೆಗೆ ಪಾಲಿಶ್ ಮಾಡುವ ಪ್ಯಾಡಿನಲ್ಲೂ ಇದರದೇ ನುಣುಪಾದ ಪುಡಿ.

ಗ್ರಾಫೈಟೂ ಇಂಗಾಲ, ವಜ್ರವೂ ಇಂಗಾಲ. ಬೇರೇನೂ ಬೆರೆತಿಲ್ಲ. ಇದನ್ನು 1797ರಲ್ಲೇ ಸ್ಮಿಥ್ಸನ್ ಟೆನಂಟ್ ಎಂಬ ಇಂಗ್ಲಿಷ್ ರಸಾಯನಜ್ಞ ವಜ್ರವನ್ನು ಸುಟ್ಟು ತೋರಿಸಿದ್ದ. ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಗ್ರಾಫೈಟ್‌ನಲ್ಲಿ ಪ್ರತಿ ಪರಮಾಣುವೂ ಅಕ್ಕಪಕ್ಕದ ಮೂರರ ಕೈ ಹಿಡಿದು ಹಾಳೆಯಾಗಿ ಹರಡಿಕೊಳ್ಳುತ್ತದೆ. ಹಾಳೆಯೊಳಗಿನ ಬಂಧ ಬಲು ಗಟ್ಟಿ, ಹಾಳೆಗೂ ಹಾಳೆಗೂ ನಡುವಿನದು ಸಡಿಲ. ವೀಳ್ಯದೆಲೆಯ ಕವಳೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಎಲೆಯ ಮೇಲಿನ ಎಲೆ ಸರಿಯುತ್ತದಲ್ಲ, ಹಾಗೆ ಇದು ಸರಿಯುತ್ತದೆ. ಆದ್ದರಿಂದಲೇ ಪೆನ್ಸಿಲ್ ಕಾಗದದ ಮೇಲೆ ಗುರುತು ಬಿಡುವುದು. ವಜ್ರದಲ್ಲಿ ಪ್ರತಿ ಪರಮಾಣುವಿಗೂ ನಾಲ್ಕು ನಂಟು, ನಾಲ್ಕು ದಿಕ್ಕಿಗೆ. ಜಾರಲು ಹಾಳೆಯೇ ಇಲ್ಲ. ಗ್ರಾಫೈಟ್‌ನ ಸಾಂದ್ರತೆ 2.26, ವಜ್ರದ್ದು 3.51. ಅಷ್ಟೇ ತೂಕದ ಇಂಗಾಲ ಮೂರರಲ್ಲಿ ಎರಡು ಪಾಲು ಜಾಗದಲ್ಲಿ ಹಿಡಿಯಬೇಕು. ಒತ್ತಡಕ್ಕೆ ಇಲ್ಲಿ ಕೆಲಸ: ಜಾಗ ಕಡಿಮೆಯಾದಾಗ ಕಡಿಮೆ ಜಾಗ ಬೇಡುವ ರೂಪವೇ ನಿಲ್ಲುತ್ತದೆ.

ಆದರೆ ಬರೀ ಒತ್ತಿದರೆ ಗ್ರಾಫೈಟ್ ಹಿಂಡಿಕೊಂಡು ಕೂರುತ್ತದೆ, ವಜ್ರವಾಗುವುದಿಲ್ಲ. ಇರುವ ಬಂಧ ಬಿಡಿಸಿಕೊಳ್ಳದೆ ಹೊಸ ಬಂಧ ಕಟ್ಟಲಾಗದು, ಬಿಡಿಸಿಕೊಳ್ಳಲು ಬಿಸಿ ಬೇಕು. ನೆರವಿಲ್ಲದೆ ಈ ಬದಲಾವಣೆ ನಡೆಯಬೇಕೆಂದರೆ 1,20,000 ವಾಯುಭಾರಕ್ಕೂ ಮಿಕ್ಕ ಒತ್ತಡ, 2,000 ಡಿಗ್ರಿ ದಾಟಿದ ಬಿಸಿ ಬೇಕು. 1963ರಲ್ಲಿ ಅಮೆರಿಕದ ಫ್ರಾನ್ಸಿಸ್ ಬಂಡಿ ಅದನ್ನೂ ಮಾಡಿ ತೋರಿಸಿದ. 2003ರಲ್ಲಿ ಜಪಾನಿನ ಎಹಿಮೆ ವಿಶ್ವವಿದ್ಯಾಲಯದ ಇರಿಫುನೆ ತಂಡ ಅದೇ ದಾರಿಯಲ್ಲಿ ಹೋಗಿ, ಸಾಮಾನ್ಯ ವಜ್ರಕ್ಕಿಂತಲೂ ಗಟ್ಟಿಯಾದ, ಅತಿ ಸಣ್ಣ ಕಣಗಳು ಹೆಣೆದುಕೊಂಡ ವಜ್ರ ಪಡೆಯಿತು. ಮಾಧವರಂನ ಶೆಡ್ಡಿಗೆ ಬರುವ ವಜ್ರ ಅಷ್ಟು ಕಷ್ಟದ್ದಲ್ಲ. ಅದಕ್ಕೆ ಒಬ್ಬ ದಲ್ಲಾಳಿ ಇದ್ದಾನೆ: ಕಬ್ಬಿಣ, ನಿಕಲ್, ಕೋಬಾಲ್ಟ್ ಜಾತಿಯ ಲೋಹ. ಗ್ರಾಫೈಟ್ ಜೊತೆ ಈ ಲೋಹವನ್ನು ಬೆರೆಸಿ 55,000 ವಾಯುಭಾರದ ಆಸುಪಾಸಿನಲ್ಲಿ, 1,400 ಡಿಗ್ರಿ ಸುಮಾರಿಗೆ ಕಾಯಿಸಿದರೆ ಲೋಹ ಕರಗುತ್ತದೆ, ಕರಗಿದ ಲೋಹದಲ್ಲಿ ಗ್ರಾಫೈಟ್‌ನ ಇಂಗಾಲ ಕರಗುತ್ತದೆ. ಆ ಒತ್ತಡದಲ್ಲಿ ಇಂಗಾಲಕ್ಕೆ ವಜ್ರದ ರೂಪವೇ ಹಿತ. ಗ್ರಾಫೈಟ್ ಆಗಿ ಕರಗಿದ್ದು ವಜ್ರವಾಗಿ ಹರಳುಗಟ್ಟುತ್ತದೆ. ಅಲಗಿಗೆ ಬೇಕಾದ ಕಾಳು ಬೆಳೆಯಲು ನಿಮಿಷಗಳ ಲೆಕ್ಕ ಸಾಕು. ಉಂಗುರಕ್ಕೆ ಬೇಕಾದಷ್ಟು ದೊಡ್ಡದಕ್ಕೆ ದಿನಗಟ್ಟಲೆ ಕಾಯಬೇಕು. ಹಳದಿ ಬಣ್ಣ ಬಂದದ್ದು ನೈಟ್ರೋಜನ್‌ನಿಂದ. ಗಾಳಿಯ ನೈಟ್ರೋಜನ್ ಪರಮಾಣುಗಳು ಅಷ್ಟಿಷ್ಟು ಒಳಗೆ ಸೇರಿಕೊಂಡುಬಿಡುತ್ತವೆ.

ಈ ಒತ್ತಡವನ್ನು ಹಿಡಿದಿಟ್ಟುಕೊಳ್ಳುವ ಪಾತ್ರೆ ಯಾವುದು ಎಂದು ಕೇಳಿದರೆ ಉತ್ತರ ನಮ್ಮವರಿಗೆ ಇಷ್ಟವಾಗಬೇಕು. ಪೈರೋಫಿಲೈಟ್ ಎಂಬ ಮೆದು ಕಲ್ಲು, ಬೇಲೂರು ಹಳೇಬೀಡಿನ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿನ ದಾಯಾದಿ. ಮುಟ್ಟಿದರೆ ಅದರ ಹಾಗೇ ನಯ, ಉಗುರಿನಲ್ಲಿ ಗೀರಬಹುದು. ಗ್ರಾಫೈಟ್ ಮತ್ತು ಲೋಹವನ್ನು ಈ ಕಲ್ಲಿನ ಘನದೊಳಗೆ ತುಂಬಿದ ಮೇಲೆ ಆರು ಕಡೆಯಿಂದ ಟಂಗ್‌ಸ್ಟನ್ ಕಾರ್ಬೈಡ್‌ನ ಆರು ಗಟ್ಟಿಗಳು ಒಟ್ಟಿಗೆ ಒತ್ತುತ್ತವೆ. ಮೆದು ಕಲ್ಲು ಹರಿದು ಸಂದುಗಳಿಗೆ ತುಂಬಿಕೊಂಡು ಬಿಗಿಯಾಗುತ್ತದೆ, ಬಿಸಿಯನ್ನೂ ವಿದ್ಯುತ್ತನ್ನೂ ಹೊರಗೆ ಬಿಡುವುದಿಲ್ಲ. ವಜ್ರ ಮಾಡಲು ಗಟ್ಟಿ ಲೋಹ ಎಷ್ಟು ಬೇಕೋ ಮೆದು ಕಲ್ಲೂ ಅಷ್ಟೇ ಬೇಕು.

ಈ ಕಲ್ಲನ್ನು ಈ ಕೆಲಸಕ್ಕೆ ಹಚ್ಚಿದ ಟ್ರೇಸಿ ಹಾಲ್‌ನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1951ರಿಂದ ವಜ್ರ ಮಾಡುವ ಯೋಜನೆಯೊಂದನ್ನು ಗುಟ್ಟಾಗಿ ನಡೆಸುತ್ತಿತ್ತು. ಹಾಲ್ ಯೂಟಾದಿಂದ ಬಂದ ರಸಾಯನಜ್ಞ. ಅವನು ಯೋಚಿಸಿದ ‘ಬೆಲ್ಟ್’ ಯಂತ್ರಕ್ಕೆ ಮೇಲಿನವರು ಹಣ ಕೊಡಲು ಹಿಂದೇಟು ಹಾಕಿದರು. ಪರಿಚಯದ ಮೆಕ್ಯಾನಿಕ್ಕಿನ ಕೈಯಿಂದ ಬಿಡುವಿನ ವೇಳೆಯಲ್ಲಿ ಮಾಡಿಸಿಕೊಂಡ. ಸಿಕ್ಕಿದ ಪ್ರೆಸ್ಸೂ ಹಳೆಯದು, ನೀರು ಸೋರುವಂಥದ್ದು. 1954ರ ಡಿಸೆಂಬರ್ 16ರಂದು ಒಬ್ಬನೇ ಕೂತು ಅದನ್ನು ನಡೆಸಿ ಒಡೆದು ನೋಡಿದಾಗ ಹರಳುಗಳು ಮಿನುಗಿದವು. ಕೈ ನಡುಗಿ, ಮೊಣಕಾಲು ಸೋತು ಕೂರಬೇಕಾಯಿತು ಎಂದು ಮುಂದೆ ಬರೆದುಕೊಂಡಿದ್ದಾನೆ. ವರ್ಷದ ಕೊನೆಯ ದಿನ ಅವನಿಲ್ಲದೆಯೇ ಮತ್ತೊಬ್ಬ ಸಹೋದ್ಯೋಗಿ ಅದೇ ಪ್ರಯೋಗ ಮಾಡಿ ವಜ್ರ ಪಡೆದ. 1955ರ ಫೆಬ್ರವರಿ 15ರಂದು ಕಂಪನಿ ಜಗತ್ತಿಗೆ ಸಾರಿತು. ಹಾಲ್‌ಗೆ ಸಿಕ್ಕ ಬಹುಮಾನ 10 ಡಾಲರಿನ ಉಳಿತಾಯ ಬಾಂಡ್. ಅದೇ ವರ್ಷ ಅವನು ಕೆಲಸ ಬಿಟ್ಟ.

ಇದಕ್ಕೆ ಇನ್ನೊಂದು ಬಾಲ ಇದೆ. ಹಾಲ್‌ಗಿಂತ ಎಂಟು ದಿನ ಮೊದಲು, ಡಿಸೆಂಬರ್ 8ರಂದು, ಅದೇ ತಂಡದ ಹರ್ಬರ್ಟ್ ಸ್ಟ್ರಾಂಗ್‌ನ ಪ್ರಯೋಗದಲ್ಲೂ ವಜ್ರ ಸಿಕ್ಕಿತು ಎಂದು ಕಂಪನಿ ನಂಬಿತ್ತು. 1993ರಲ್ಲಿ ಹಳೆಯ ಹರಳನ್ನು ಮತ್ತೆ ಪರೀಕ್ಷಿಸಿದಾಗ ಅದು ಭೂಮಿಯಲ್ಲಿ ಹುಟ್ಟಿದ ವಜ್ರದ ಚೂರು ಎಂದು ಗೊತ್ತಾಯಿತು. ತಂಡದವರೇ ‘ನೇಚರ್’ ಪತ್ರಿಕೆಯಲ್ಲಿ ಬರೆದು ಒಪ್ಪಿಕೊಂಡರು. ಸ್ವೀಡನ್ನಿನ ಎಎಸ್‌ಇಎ ಕಂಪನಿಯವರು 1953ರ ಫೆಬ್ರವರಿಯಲ್ಲೇ ವಜ್ರ ಮಾಡಿ, ಯಾರಿಗೂ ಹೇಳದೆ ಸುಮ್ಮನಿದ್ದರು. ಹೇಳದಿದ್ದವರಿಗೆ ಚರಿತ್ರೆಯಲ್ಲಿ ಅಡಿಟಿಪ್ಪಣಿ.

ಹಾಲ್‌ನ ವಜ್ರ ಹುಟ್ಟಿದ 1954ರಲ್ಲೇ ಮಾಧವರಂನಿಂದ ಸ್ವಲ್ಪ ಪೂರ್ವಕ್ಕೆ, ಕಡಲ ದಿಕ್ಕಿನ ತಿರುವೊಟ್ಟಿಯೂರಿನಲ್ಲಿ ನೆಲೆಯೂರಲಿದ್ದ ಕಾರ್ಬೊರಂಡಮ್ ಯುನಿವರ್ಸಲ್ ಕಂಪನಿ ಸ್ಥಾಪನೆಯಾಯಿತು. ಮುರುಗಪ್ಪ ಮನೆತನದವರು ಅಮೆರಿಕ ಮತ್ತು ಇಂಗ್ಲೆಂಡಿನ ಕಂಪನಿಗಳ ಜೊತೆ ಸೇರಿ ಸಾಣೆಚಕ್ರ ಮಾಡಲು ಕಟ್ಟಿದ್ದು. ಆ ಹೆಸರಿನ ಹಿಂದೆಯೂ ವಜ್ರದ ಆಸೆಯೇ ಇದೆ. 1891ರಲ್ಲಿ ಎಡ್ವರ್ಡ್ ಆಚೆಸನ್ ಎಂಬ ಅಮೆರಿಕನ್, ಕೃತಕ ವಜ್ರ ಮಾಡುವ ಹಟದಲ್ಲಿ ಜೇಡಿಮಣ್ಣನ್ನೂ ಕೋಕ್ ಇದ್ದಿಲನ್ನೂ ವಿದ್ಯುತ್ತಿನಿಂದ ಕಾಯಿಸಿದ. ಗಾಜನ್ನು ಗೀರುವ ಹೊಳೆಯುವ ಹರಳೇನೋ ಬಂತು, ವಜ್ರವಾಗಿರಲಿಲ್ಲ. ಸಿಲಿಕಾನ್ ಕಾರ್ಬೈಡ್. ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟು ಮಾರಿದ. ಅದನ್ನೇ ಮಿತಿಮೀರಿ ಕಾಯಿಸಿದಾಗ ಸಿಲಿಕಾನ್ ಆವಿಯಾಗಿ ಹೋಗಿ ಉಳಿದದ್ದು ಅಪ್ಪಟ ಗ್ರಾಫೈಟ್! 1896ರಲ್ಲಿ ಅದಕ್ಕೂ ಪೇಟೆಂಟ್ ಪಡೆದ. ವಜ್ರ ಹುಡುಕಲು ಹೊರಟು ಗ್ರಾಫೈಟ್ ತಲುಪಿದ ಈ ಮನುಷ್ಯನಿಂದಲೇ ಮುಂದೆ ಎಲೆಕ್ಟ್ರೋಡ್ ಉದ್ಯಮ ಬೆಳೆಯಿತು. ನಮ್ಮ ಸಿಗ್ನಲ್ಲಿನ ಹೆಸರಿನ ಬೇರೂ ಅಲ್ಲಿದೆ.

ತಾಳವಾಡಿಯವರು ಮತ್ತೆ ಮಷಿನ್ ಹಾಕಿದರು. ಈಗ ಸದ್ದು ಬೇರೆ, ಕೀರಲು. ಚಕ್ರ ಮುಂದೆ ಹೋಗುತ್ತಿರಲಿಲ್ಲ. ಅವರು ಕಲ್ಲು ತೆಗೆದಿಟ್ಟು, ಮೂಲೆಯಿಂದ ಒಂದು ಸಿಮೆಂಟ್ ಇಟ್ಟಿಗೆ ತಂದು ಮೇಜಿನ ಮೇಲಿಟ್ಟು ಅದನ್ನು ನಾಲ್ಕಾರು ಸಲ ಕೊಯ್ದರು.

“ಗಟ್ಟಿ ಕಲ್ಲು ಕುಯ್ದು ಕುಯ್ದು ಬ್ಲೇಡು ನುಣ್ಣಗಾಗ್ಬುಡ್ತದ ಸಾ. ಇಟ್ಟಿಗೆ ಕುಯ್ದ್ರ ಬಾಯಿ ಬುಡ್ತದ.”

ಮಾತು ಸರಿಯಾಗಿತ್ತು. ಸೆಗ್ಮೆಂಟಿನ ಲೋಹ ಹದವಾಗಿ ಸವೆಯಬೇಕು. ಮೇಲಿನ ಹರಳು ಮೊಂಡಾಗಿ ಉದುರಿದ ಹಾಗೆ ಕೆಳಗಿನ ಹರಿತ ಹರಳು ಹೊರಗೆ ಬರಬೇಕು. ಗ್ರಾನೈಟ್‌ನ ಪುಡಿ ನಯ, ಲೋಹವನ್ನು ಸಾಕಷ್ಟು ಸವೆಸುವುದಿಲ್ಲ. ಇಟ್ಟಿಗೆಯ ಮರಳು ಅದನ್ನು ಉಜ್ಜಿ ತೆಗೆಯುತ್ತದೆ. ಹಾಗಾಗಿ ಈ ಧಂದೆಯಲ್ಲಿ ಲೆಕ್ಕ ತಿರುಗುಮುರುಗು: ಗಟ್ಟಿ ಕಲ್ಲಿಗೆ ಮೆದು ಲೋಹದ ಅಲಗು, ಉದುರುವ ಮರಳುಕಲ್ಲಿಗೆ ಗಟ್ಟಿ ಲೋಹದ ಅಲಗು.

ಕೊನೆಗೆ ಕರಿಕಲ್ಲೇ ಗೆದ್ದಿತು. ನನ್ನ ಓಟೂ ಅದಕ್ಕೇ ಬಿತ್ತು, ಯಾಕೆಂದು ಮುಂದೆ ಹೇಳುತ್ತೇನೆ. ರಾತ್ರಿ ಊಟಕ್ಕೆ ಕೂತಾಗ ಅಳಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದ. ಅವನಿಗೆ ಪರೀಕ್ಷೆ ಹತ್ತಿರ. ಭಾವ ಅವನಿಗೆ ಹೇಳಿದರು: “ಒತ್ತಡ ಬಿದ್ರೆ ತಾನೆ ಇದ್ದಿಲು ವಜ್ರ ಆಗೋದು? ಕೇಳು ಬೇಕಾದ್ರೆ ನಿಮ್ಮ ಮಾವನ್ನ.”

“ಇದ್ದಿಲು ಆಗಲ್ಲ ಭಾವ,” ಅಂದೆ. ಅಕ್ಕ ನಕ್ಕಳು.

ಭಾವನ ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ, ಕೋಚಿಂಗ್ ಕ್ಲಾಸಿನ ಗೋಡೆಯಲ್ಲಿ, ಬೆಳಗಿನ ವಾಟ್ಸ್ಆ್ಯಪ್ ಸಂದೇಶದಲ್ಲಿ. ಅದರಲ್ಲಿ ಸರಿ ಇರುವುದಕ್ಕಿಂತ ತಪ್ಪೇ ಹೆಚ್ಚು. ಭೂಮಿಯ ವಜ್ರಕ್ಕೂ ಕಲ್ಲಿದ್ದಲಿಗೂ ಸಂಬಂಧ ಇಲ್ಲ. ಕಲ್ಲಿದ್ದಲು ಗಿಡಮರಗಳಿಂದ ಆದದ್ದು. ಬಹುಪಾಲು ವಜ್ರಗಳು ನೆಲದ ಮೇಲೆ ಗಿಡ ಹುಟ್ಟುವುದಕ್ಕಿಂತ ನೂರು ಕೋಟಿ, ಇನ್ನೂರು ಕೋಟಿ ವರ್ಷ ಹಿಂದಿನವು. ಒತ್ತಡ ಒಂದರಿಂದಲೇ ಏನೂ ಆಗುವುದಿಲ್ಲ, ಬಿಸಿ ಬೇಕು, ಕಾರ್ಖಾನೆಯಲ್ಲಾದರೆ ಸಾಮಾನ್ಯವಾಗಿ ಕರಗಿಸಿಕೊಳ್ಳುವ ಲೋಹವೂ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಆ ಗೋಡೆಬರಹ ಮರೆತೇಬಿಡುತ್ತದೆ: ಒತ್ತಡ ಇಳಿಸುವ ಬಗೆ. ಪ್ರೆಸ್ಸಿನಲ್ಲಿ ಮೊದಲು ಬಿಸಿ ಇಳಿಸಬೇಕು, ಆಮೇಲೆ ಒತ್ತಡ. ಬಿಸಿ ಇರುವಾಗಲೇ ಒತ್ತಡ ಬಿಟ್ಟರೆ ಆದ ವಜ್ರ ಮತ್ತೆ ಗ್ರಾಫೈಟ್ ಆಗುತ್ತದೆ. ಮೊರಾಕ್ಕೊದ ಬೆನಿ ಬೂಸೆರಾದಲ್ಲಿ ಇದಕ್ಕೆ ಸಾಕ್ಷಿ ಇದೆ. ಅಲ್ಲಿಯ ಬಂಡೆಯಲ್ಲಿ ಎಂಟು ಮುಖದ, ಥೇಟ್ ವಜ್ರದ ಆಕಾರದ ಗ್ರಾಫೈಟ್ ಸಿಗುತ್ತದೆ. ಆಳದಲ್ಲಿ ವಜ್ರವಾಗಿದ್ದವು ಅವು. ಕಿಂಬರ್ಲೈಟ್ ಜ್ವಾಲಾಮುಖಿಗಳು ತಂದ ಹಾಗೆ ಸರ್ರನೆ ಮೇಲೆ ಬರಲಿಲ್ಲ, ಬಿಸಿ ಆರದೆ ನಿಧಾನ ಬಂದವು, ದಾರಿಯಲ್ಲೇ ಕರಿ ಪುಡಿಯಾದವು. ಆಕಾರ ಮಾತ್ರ ಉಳಿಯಿತು.

ಒತ್ತಡವೇ ಇಲ್ಲದೆಯೂ ವಜ್ರ ಆಗುತ್ತದೆ ಎನ್ನುವುದು ಇನ್ನೂ ಸ್ವಾರಸ್ಯ. ಮೀಥೇನ್ ಮತ್ತು ಹೈಡ್ರೋಜನ್ ಅನಿಲವನ್ನು ವಾಯುಭಾರಕ್ಕಿಂತ ಕಡಿಮೆ ಒತ್ತಡದಲ್ಲಿ ಪ್ಲಾಸ್ಮಾ ಮಾಡಿ, ತೆಳ್ಳನೆಯ ವಜ್ರದ ಬೀಜದ ಮೇಲೆ ಇಂಗಾಲವನ್ನು ಪದರ ಪದರವಾಗಿ ಕೂರಿಸುವ ಸಿವಿಡಿ ಎಂಬ ವಿಧಾನ ಇದೆ. ಸೂರತ್ತಿನಲ್ಲಿ ಬೆಳೆಸುವ ಒಡವೆ ವಜ್ರ ಬಹುಮಟ್ಟಿಗೆ ಈ ಬಗೆಯದು. ಯಂತ್ರವನ್ನೂ ಬೀಜವನ್ನೂ ಹೊರಗಿನಿಂದ ತರುವುದು ತಪ್ಪಲಿ ಎಂದು 2023ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದ ಯೋಜನೆ ಘೋಷಿಸಿ, 242.96 ಕೋಟಿ ರೂಪಾಯಿಯನ್ನು ಐಐಟಿ ಮದ್ರಾಸಿಗೆ ಕೊಟ್ಟರು. ಅಲ್ಲಿ ಎರಡೂ ದಾರಿಯ ಸಂಶೋಧನೆ, ಒತ್ತುವುದೂ, ಪದರ ಕೂರಿಸುವುದೂ. ಮಾಧವರಂನಿಂದ ಹೊರಡುವ ನೇರಳೆ ಮೆಟ್ರೊ ಮಾರ್ಗ ಅಡ್ಯಾರ್ ಹಾಯ್ದು ಐಐಟಿಯ ಬದಿಯ ತರಮಣಿಗೆ ಹೋಗಲಿದೆ. ವಜ್ರದಿಂದ ಕಲ್ಲು ಕೊಯ್ಯುವವರೂ ವಜ್ರ ಬೆಳೆಸುವವರೂ ಒಂದೇ ಹಳಿಯ ಮೇಲೆ ಬರುತ್ತಾರೆ.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಮಲಗು ಹೋಗು ಎಂದೆ.

ಮಾರನೆಯ ದಿನ ಕಲ್ಲು ಬಂತು. ಶೆಡ್ಡಿನಲ್ಲಿ ಅಳತೆಗೆ ಕೊಯ್ದಿದ್ದರೂ ಸಿಂಕಿನ ಜಾಗ ಮಾತ್ರ ಮನೆಯಲ್ಲೇ ಕೊಯ್ಯಬೇಕು. ಕೂಡಿಸಲು ಬಂದ ಹುಡುಗ ಪಕ್ಕದ ಮನೆಯ ಕೆಲಸವನ್ನೂ ಹಿಡಿದಿದ್ದ. ಅಲ್ಲಿ ಬಿಳಿ ಕ್ವಾರ್ಟ್ಸ್. ಕೈಯಲ್ಲಿ ಹಿಡಿಯುವ ಸಣ್ಣ ಕಟರ್, ಅದಕ್ಕೂ ವಜ್ರದ ಬ್ಲೇಡು, ನೀರು ಇಲ್ಲ. ಹಚ್ಚಿದ ಕೂಡಲೇ ಕೋಣೆ ಬಿಳಿಯಾಯಿತು. ಅವನ ರೆಪ್ಪೆ, ಹುಬ್ಬು, ತಲೆಗೂದಲು ಎಲ್ಲ ಬಿಳಿ. ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ. ಟವೆಲ್‌ನಿಂದ ಏನೂ ಪ್ರಯೋಜನವಿಲ್ಲ. ಶ್ವಾಸಕೋಶ ಕೆಡಿಸುವ ಸಿಲಿಕಾ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಬಟ್ಟೆಯ ನೇಯ್ಗೆಯನ್ನು ಹಾಯ್ದು ಹೋಗುತ್ತವೆ.

ಚಾಮರಾಜನಗರದ ಕರಿಕಲ್ಲನ್ನು ಅಂಗಡಿಯಲ್ಲಿ ಗ್ರಾನೈಟ್ ಎಂದೇ ಮಾರಿದರೂ ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಡಾಲರೈಟ್. ಅದರಲ್ಲಿ ಬಿಡಿ ಸಿಲಿಕಾ ಕಡಿಮೆ, ನನ್ನ ಓಟು ಅದಕ್ಕೆ ಬಿದ್ದದ್ದು ಇದರಿಂದಲೇ. ಇಳಕಲ್ಲಿನ ಕೆಂಪು ಕಲ್ಲಿನಂಥ ನಿಜವಾದ ಗ್ರಾನೈಟ್‌ನಲ್ಲಿ ಜಾಸ್ತಿ. ಅಂಟಿನಲ್ಲಿ ಕಲ್ಲುಪುಡಿ ಒತ್ತಿ ಮಾಡುವ ಕ್ವಾರ್ಟ್ಸ್ ಸ್ಲ್ಯಾಬಿನಲ್ಲಿ ಶೇ 90ಕ್ಕೂ ಹೆಚ್ಚಿರಬಹುದು. ಅದನ್ನು ಕೊಯ್ಯುವ ಎಳೆಯ ಹುಡುಗರಿಗೂ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹತ್ತುತ್ತಿದೆ ಎಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಸ್ಲ್ಯಾಬನ್ನೇ ನಿಷೇಧಿಸಿತು. ಒಮ್ಮೆ ಹತ್ತಿದ ಸಿಲಿಕೋಸಿಸ್‌ಗೆ ಗುಣವಾಗುವ ಮದ್ದಿಲ್ಲ.

ನೀರು ಹಾಕದೆ ಕೊಯ್ಯುವುದು ಬ್ಲೇಡಿಗೂ ಕೇಡು. ಗಾಳಿಯಲ್ಲಿ 700, 800 ಡಿಗ್ರಿಗೆ ವಜ್ರ ಉರಿಯಲು ತೊಡಗುತ್ತದೆ. ಕಾದ ಕಬ್ಬಿಣ ತಾಗಿದರಂತೂ ಇನ್ನೂ ಬೇಗ ಗ್ರಾಫೈಟ್‌ಗೆ ಮರಳುತ್ತದೆ. ಹೆಚ್ಚಿನ ಒತ್ತಡದಲ್ಲಿ ಗ್ರಾಫೈಟನ್ನು ವಜ್ರ ಮಾಡಿದ ಕಬ್ಬಿಣವೇ, ಒತ್ತಡ ಇಲ್ಲದಾಗ ವಜ್ರವನ್ನು ಗ್ರಾಫೈಟ್ ಮಾಡುತ್ತದೆ. ಉಕ್ಕನ್ನು ಯಂತ್ರದಲ್ಲಿ ಸಾಣೆ ಹಿಡಿಯಲು ಸಾಮಾನ್ಯವಾಗಿ ವಜ್ರದ ಬದಲು ಬೋರಾನ್ ನೈಟ್ರೈಡ್ ಬಳಸುವುದು ಇದಕ್ಕೇ. ನಮ್ಮ ಗಡಿಯ ಹೊಸೂರಿನಲ್ಲಿ ವೆಂಟ್ ಇಂಡಿಯಾದವರು ಎರಡು ಬಗೆಯ ಸಾಣೆಚಕ್ರವನ್ನೂ ಮಾಡುತ್ತಾರೆ.

ಭಾವ ಒಳಗಿನಿಂದ ಬಕೆಟ್ಟು, ಸಣ್ಣ ಪೈಪು ತಂದು ಹುಡುಗನ ಕಟರ್ ಬುಡಕ್ಕೆ ನೀರು ಬಿಟ್ಟರು. ಅವನಿಗೆ ಮೊದಲು ಮುಜುಗರ, ಆಮೇಲೆ ಒಪ್ಪಿಕೊಂಡ. ನೆಲ ಕೆಸರಾಯಿತು, ಧೂಳು ಏಳಲಿಲ್ಲ. ಅಕ್ಕ ಗೊಣಗುತ್ತ ಒರೆಸಿದಳು. ಪಕ್ಕದ ಮನೆಗೂ ಅದೇ ಪೈಪು ಹೋಯಿತು.

ನಿಮ್ಮ ಮನೆಯಲ್ಲೂ ಎಂದಾದರೂ ಕಲ್ಲು ಕೂಡಿಸುವ ಕೆಲಸ ಬರುತ್ತದೆ. ಆದಷ್ಟನ್ನು ಅಂಗಡಿಯ ಶೆಡ್ಡಿನಲ್ಲೇ, ನೀರಿನಲ್ಲಿ ಕೊಯ್ಸಿ ತರಿಸಿ. ಮನೆಯಲ್ಲಿ ಕೊಯ್ಯಲೇಬೇಕಾದರೆ ನೆಲ ಕೊಳೆಯಾಗುತ್ತದೆಂದು ನೀರು ಬೇಡವೆನ್ನಬೇಡಿ, ಪೈಪು ನೀವೇ ಹಿಡಿಯಿರಿ. ಕೊಯ್ಯುವವರಿಗೆ ಟವೆಲ್ ಬದಲು ಎನ್95 ಮಾಸ್ಕ್ ತರಿಸಿಕೊಡಿ.